ಸಾಲ ಸಿಕ್ಕಿತು, ಜಾಗ ಸಿಗಲಿಲ್ಲ

ಲಾಕ್‌ಡೌನ್‌ನಲ್ಲಿ ಬೀದಿಬದಿಯ ವ್ಯಾಪಾರ ನೆಲಕಚ್ಚಿದಾಗ, 2020ರ ಜೂನ್ 1ರಂದು ಕೇಂದ್ರ ಸರ್ಕಾರ ಪಿಎಂ ಸ್ವನಿಧಿ ಯೋಜನೆಯನ್ನು ಜಾರಿಗೆ ತಂದಿತು. ಅಡಮಾನವಿಲ್ಲದೆ ಮೊದಲಿಗೆ 10,000 ರೂಪಾಯಿ ಸಾಲ. ಅದನ್ನು ಒಂದು ವರ್ಷದೊಳಗೆ ತೀರಿಸಿದರೆ 20,000, ಅದೂ ತೀರಿದರೆ 50,000. ಸಕಾಲಕ್ಕೆ ಕಂತು ಕಟ್ಟಿದವರಿಗೆ ಶೇ 7ರಷ್ಟು ಬಡ್ಡಿ ಸಹಾಯಧನ. 2025ರ ಆಗಸ್ಟ್‌ನಲ್ಲಿ ಈ ಯೋಜನೆಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲ ಸಾಲವನ್ನು 15,000ಕ್ಕೂ ಎರಡನೆಯದನ್ನು 25,000ಕ್ಕೂ ಏರಿಸಲಾಯಿತು. ಕೇಂದ್ರಕ್ಕಿಂತ ಮುಂಚೆ, 2018ರ ನವೆಂಬರ್‌ನಲ್ಲೇ, ನಮ್ಮ ರಾಜ್ಯ ಸರ್ಕಾರ ‘ಬಡವರ ಬಂಧು’ ಹೆಸರಿನಲ್ಲಿ ಸಹಕಾರ ಬ್ಯಾಂಕುಗಳ ಮೂಲಕ ಬಡ್ಡಿಯಿಲ್ಲದ ಕೈಸಾಲ ಕೊಡಲು ಆರಂಭಿಸಿತ್ತು. ಬೆಳಿಗ್ಗೆ ಒಂಬೈನೂರು ಕೈಗೆ ಕೊಟ್ಟು ಸಂಜೆ ಸಾವಿರ ವಸೂಲಿ ಮಾಡುವ ಮೀಟರ್ ಬಡ್ಡಿಯವರ ನಡುವೆ ಬದುಕುವವರಿಗೆ ಇದು ಸಣ್ಣ ಸಂಗತಿಯಲ್ಲ. ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಹೊರಗೆ ಕಳಿಸುತ್ತಿದ್ದವರನ್ನೇ ಬ್ಯಾಂಕು ಹುಡುಕಿಕೊಂಡು ಬರುವಂತಾಯಿತು. ಈ ಯೋಜನೆಗಳನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಸಾಲದ ಹಣದಲ್ಲಿ ತಂದ ಸರಕನ್ನು ಎಲ್ಲಿಟ್ಟು ಮಾರಬೇಕು ಎಂಬ ಪ್ರಶ್ನೆಗೆ ಮಾತ್ರ ಈ ಎರಡೂ ಯೋಜನೆಗಳಲ್ಲಿ ಉತ್ತರವಿಲ್ಲ.

ಸಂಜೆ ಆರರ ನಂತರ ಬೆಂಗಳೂರಿನ ಯಶವಂತಪುರದ ಬಸ್ ನಿಲ್ದಾಣ ಮತ್ತು ಮೆಟ್ರೋ ನಿಲ್ದಾಣದ ಆಸುಪಾಸಿನಲ್ಲಿ ನಡೆದು ನೋಡಿ. ಪೀಣ್ಯದ ಕಾರ್ಖಾನೆಗಳಿಂದ, ಗಾರ್ಮೆಂಟ್ಸ್‌ಗಳಿಂದ ಮನೆಗೆ ಮರಳುವವರು ಬಸ್ ಇಳಿಯುತ್ತಾರೆ. ಗೋಣಿಚೀಲ ಹಾಸಿ, ಮೆಂತ್ಯ, ದಂಟು, ಸಬ್ಬಸಿಗೆ ಕಟ್ಟುಗಳನ್ನು ಸಾಲಾಗಿ ಜೋಡಿಸಿ, ಮೇಲೆ ನೀರು ಚಿಮುಕಿಸುತ್ತ ಕೂತ ಹೆಂಗಸು ಅವರಿಗಾಗಿಯೇ ಕಾಯುತ್ತಿರುತ್ತಾಳೆ. ಪಕ್ಕದಲ್ಲಿ ಒಂದು ಕ್ಯೂಆರ್ ಕೋಡ್ ಬೋರ್ಡು, ಹಣ ಬಂದೊಡನೆ ಕೂಗಿ ಹೇಳುವ ಪುಟ್ಟ ಪೆಟ್ಟಿಗೆ. ‘ಎಷ್ಟಮ್ಮಾ ಕಟ್ಟು?’ ಎಂದು ಕೇಳುವವರ ಕೈಯಲ್ಲಿ ಊಟದ ಡಬ್ಬಿ ಇರುತ್ತದೆ. ಅವರಿಗೂ ಮನೆ ಸೇರಿ ಅಡುಗೆ ಮಾಡುವ ಆತುರ. ಈ ವ್ಯಾಪಾರವೆಲ್ಲ ಎರಡು, ಎರಡೂವರೆ ಗಂಟೆಯದ್ದು. ಅದೂ ಬಸ್ಸು ಇಳಿದವರು ನಡೆದು ಹೋಗುವ ಆ ಒಂದು ದಾರಿಯ ಅಂಚಿನಲ್ಲಿ ಮಾತ್ರ. ಅದೇ ಹೆಂಗಸನ್ನು ಒಂದು ಫರ್ಲಾಂಗು ಆಚೆಗೆ ಕೂರಿಸಿದರೆ ಸೊಪ್ಪು ಬಾಡುತ್ತದೆ, ಕಂತು ನಿಲ್ಲುತ್ತದೆ. ಅವಳ ಬಂಡವಾಳದಲ್ಲಿ ದೊಡ್ಡದು ಬ್ಯಾಂಕು ಕೊಟ್ಟ ಹಣವಲ್ಲ, ಕೂತ ಜಾಗ. ಯಾವ ಯೋಜನೆಯೂ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ಅದನ್ನೇ.

ನಗರಗಳ ಬಡವರಿಗಾಗಿ ಬಂದ ಸರ್ಕಾರಿ ಯೋಜನೆಗಳ ಸಾಲು ಸಣ್ಣದಲ್ಲ. 1997ರಲ್ಲಿ ಸ್ವರ್ಣ ಜಯಂತಿ ಶಹರಿ ರೋಜಗಾರ್ ಯೋಜನೆ ಬಂತು. 2013ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಬಂತು. 2005ರ ಡಿಸೆಂಬರ್‌ನಲ್ಲಿ ನಗರ ನವೀಕರಣದ ಜೆ-ನರ್ಮ್ ಯೋಜನೆ, 2015ರ ಜೂನ್ 25ರಂದು ಒಂದೇ ದಿನ ಅಮೃತ್, ಸ್ಮಾರ್ಟ್ ಸಿಟಿ ಮತ್ತು ಪ್ರಧಾನಮಂತ್ರಿ ಆವಾಸ್. ಇವುಗಳಲ್ಲಿ ತರಬೇತಿ ಇದೆ, ಸಹಾಯಧನ ಇದೆ, ಸ್ವಸಹಾಯ ಗುಂಪಿದೆ, ಕಾಂಕ್ರೀಟ್ ಇದೆ, ಪೈಪ್‌ಲೈನ್ ಇದೆ. ದುಡಿಯುವ ಜನಕ್ಕೆ ನಗರದೊಳಗೆ, ಅವರ ದುಡಿಮೆ ನಡೆಯುವ ಕಡೆಯೇ, ಇಷ್ಟು ಅಡಿ ನೆಲ ನಿಮ್ಮದು ಎಂದು ಹೇಳುವ ಮಾತು ಮಾತ್ರ ಹುಡುಕಿದರೂ ಸಿಗುವುದು ಕಷ್ಟ. ಉತ್ತರ ಬೆಂಗಳೂರನ್ನು ನೋಡಿದಷ್ಟೂ ನನಗೆ ಅನ್ನಿಸುವುದು ಇಷ್ಟೇ: ಜಾಗದ ಪ್ರಶ್ನೆಯನ್ನು ಪಕ್ಕಕ್ಕಿಟ್ಟು ಮಾಡುವ ಬಡವರ ಯೋಜನೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ.

ಕಾನೂನು ಇಲ್ಲವೆಂದಲ್ಲ. ಒಳ್ಳೆಯ ಕಾನೂನೇ ಇದೆ. ಫುಟ್‌ಪಾತ್ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿಯ ರಕ್ಷಣೆಗೆ ಬರುವ ವೃತ್ತಿ, ಅದನ್ನು ನಿಯಂತ್ರಿಸಬಹುದೇ ಹೊರತು ಪೂರ್ತಿ ಇಲ್ಲವಾಗಿಸುವಂತಿಲ್ಲ ಎಂದು 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಾಗಿ 25 ವರ್ಷಗಳ ಮೇಲೆ, 2014ರಲ್ಲಿ, ಸಂಸತ್ತು ಬೀದಿಬದಿ ವ್ಯಾಪಾರಿಗಳ ಕಾಯ್ದೆಯನ್ನು ತಂದಿತು. ಅದರ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ನಡೆಯಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸಲೇಬೇಕಾದರೆ 30 ದಿನಗಳ ನೋಟಿಸ್ ಕೊಡಬೇಕು. ಸರಕು ಜಪ್ತಿ ಮಾಡಿದರೆ ಪಟ್ಟಿ ಬರೆದುಕೊಡಬೇಕು, ಹಣ್ಣು ತರಕಾರಿಯಂಥ ಕೊಳೆಯುವ ಸರಕಾದರೆ ಕೇಳಿದ ದಿನವೇ ಬಿಡಬೇಕು. ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐವತ್ತು ವರ್ಷ ದಾಟಿದ ಬೀದಿ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಎಂದು ಘೋಷಿಸಬೇಕು ಎಂಬ ಮಾತೂ ಅದರ ಅನುಸೂಚಿಯಲ್ಲಿದೆ. ತಳ್ಳುಗಾಡಿ ಎತ್ತಿಕೊಂಡು ಹೋಗುವ ಲಾರಿಯ ಮುಂದೆ ನಿಂತವರಿಗೆ ಈ ಸಾಲುಗಳನ್ನು ಓದಿ ಹೇಳಿದರೆ ಅವರು ನಂಬುವುದಿಲ್ಲ.

ವಾರ್ಡಿನ ಅಥವಾ ವಲಯದ ಜನಸಂಖ್ಯೆಯ ಶೇ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಕಲ್ಪಿಸಬೇಕು ಎಂಬುದು ಕಾಯ್ದೆಯ ಅಳತೆ. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ ದಾಟಿತ್ತು. ಆ ಹಳೆಯ ಲೆಕ್ಕವನ್ನೇ ಹಿಡಿದರೂ ಮಿತಿ ಎರಡು ಲಕ್ಷಕ್ಕಿಂತ ಮೇಲಾಯಿತು. 2017ರಲ್ಲಿ ಪಾಲಿಕೆ ಸಮೀಕ್ಷೆ ನಡೆಸಿದಾಗ ಸಿಕ್ಕವರು ಸುಮಾರು 25 ಸಾವಿರ ಮಂದಿ. ಉಳಿದವರು ಇಲ್ಲವೇ ಇಲ್ಲ ಎಂದು ಬೆಂಗಳೂರಿನಲ್ಲಿ ಒಂದು ವಾರ ಇದ್ದವರೂ ಹೇಳಲಾರರು. ಮುಂಜಾನೆ ಹೂ ಮಾರಿ ಎಂಟಕ್ಕೆ ಮನೆಗೆಲಸಕ್ಕೆ ಹೋಗುವವರು, ರಾತ್ರಿ ಮಾತ್ರ ಗಾಡಿ ಹಚ್ಚುವವರು, ತಲೆಯ ಮೇಲೆ ಹೊತ್ತು ಬೀದಿ ಸುತ್ತುವವರು ಹಗಲಿನ ಸಮೀಕ್ಷೆಗೆ ಸಿಗುವುದೇ ಇಲ್ಲ. ಸ್ವನಿಧಿಗೆ ಅರ್ಜಿ ಹಾಕುವಾಗ ಇಂಥವರಿಗೆಂದೇ ಶಿಫಾರಸು ಪತ್ರದ ವ್ಯವಸ್ಥೆ ಮಾಡಿದರು. ಸ್ಥಳೀಯ ಸಂಸ್ಥೆ ‘ಇವರು ಬೀದಿ ವ್ಯಾಪಾರಿ ಹೌದು’ ಎಂದು ಬರೆದುಕೊಟ್ಟರೆ ಸಾಲ ಸಿಗುತ್ತದೆ. ಹಾಗಾದರೆ ಒಂದೇ ಪಾಲಿಕೆಯ ಒಂದು ಮೇಜಿನಲ್ಲಿ ಸೊಪ್ಪಿನ ಹೆಂಗಸು ಸಾಲಕ್ಕೆ ಅರ್ಹ ವ್ಯಾಪಾರಿ, ಇನ್ನೊಂದು ಮೇಜಿನಲ್ಲಿ ತೆರವು ಮಾಡಬೇಕಾದ ಅತಿಕ್ರಮಣ. ಗಾಡಿ ಜಪ್ತಿಯಾದ ತಿಂಗಳು ಕಂತು ತಪ್ಪುತ್ತದೆ. ಕಂತು ತಪ್ಪಿದರೆ ಬಡ್ಡಿ ಸಹಾಯಧನ ಹೋಗುತ್ತದೆ, ಮುಂದಿನ ಸಾಲದ ಬಾಗಿಲು ಮುಚ್ಚುತ್ತದೆ. ಮತ್ತೆ ಮೀಟರ್ ಬಡ್ಡಿಯವನೇ ಗತಿ. ಸರ್ಕಾರ ತಾನೇ ಕೊಟ್ಟ ಸಾಲವನ್ನು ತಾನೇ ಮುಳುಗಿಸುವ ಬಗೆ ಇದು.

ಇಲ್ಲಿ ಫುಟ್‌ಪಾತ್ ಯಾರದು ಎಂಬ ಪ್ರಶ್ನೆ ಬರುತ್ತದೆ, ಬರಲೇಬೇಕು. ಆರ್‌.ಟಿ. ನಗರದ ಮುಖ್ಯರಸ್ತೆಯಲ್ಲಿ ಸಂಜೆ ಹೊತ್ತು ವಯಸ್ಸಾದವರನ್ನು ಕೈಹಿಡಿದು ನಡೆಸಿಕೊಂಡು ಹೋಗುವುದು ಎಷ್ಟು ಕಷ್ಟವೆಂದು ಅಲ್ಲಿನ ನಿವಾಸಿಗಳಿಗೆ ಗೊತ್ತು. ಗಾಲಿಕುರ್ಚಿಯವರ ಮಾತಂತೂ ದೂರ. ನಡೆಯುವವರ ಹಕ್ಕು ವ್ಯಾಪಾರಿಯ ಹಕ್ಕಿಗಿಂತ ಒಂದು ಕೂದಲೆಳೆಯೂ ಕಡಿಮೆಯಲ್ಲ. ನಿವಾಸಿಗಳ ಸಂಘದವರು ಈ ದೂರು ಹೇಳಿದಾಗ ಅವರನ್ನು ಬಡವರ ವಿರೋಧಿಗಳೆಂದು ತಳ್ಳಿಹಾಕುವುದು ಅನ್ಯಾಯ. ಆದರೆ ಆ ರಸ್ತೆಯಲ್ಲಿ ನಿಂತು ನಿಜವಾಗಿ ಅಡ್ಡಿಯಾದದ್ದು ಏನೇನು ಎಂದು ಎಣಿಸುತ್ತ ಹೋದರೆ ಮೆಟ್ಟಿಲು ಮುಂದಕ್ಕೆ ಚಾಚಿದ ಅಂಗಡಿ, ಸಾಲಾಗಿ ನಿಂತ ಬೈಕು, ಟ್ರಾನ್ಸ್‌ಫಾರ್ಮರ್, ಅಗೆದು ಮುಚ್ಚದೆ ಬಿಟ್ಟ ಗುಂಡಿ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬೈಕಿಗೆ ದಂಡ ಬೀಳುತ್ತದೆ, ಬಿದ್ದರೂ ಬೈಕು ಮನೆಗೆ ಹೋಗುತ್ತದೆ. ಗಾಡಿ ಹೋದರೆ ಒಂದು ಮನೆಯ ಒಲೆಯೇ ಆರುತ್ತದೆ. ಅಲ್ಲದೆ ಗೆರೆ ಎಳೆದ ಜಾಗ ಇಲ್ಲದಿರುವುದರಿಂದಲೇ ವ್ಯಾಪಾರ ಎಲ್ಲೆಂದರಲ್ಲಿ ಹರಡುತ್ತದೆ. ಇಂತಿಷ್ಟು ಅಗಲದ ನಡಿಗೆ ದಾರಿ ಬಿಟ್ಟು ಇಲ್ಲಿಂದ ಇಲ್ಲಿಯವರೆಗೆ ಇಷ್ಟು ಮಂದಿ ಎಂದು ಗುರುತು ಹಾಕಿದರೆ ನಡೆಯುವವರಿಗೂ ಲಾಭ. ನಷ್ಟವಾಗುವುದು ಮಾಮೂಲು ವಸೂಲಿಯವರಿಗೆ. ಜಾಗಕ್ಕೆ ಕಾಗದ ಇಲ್ಲದಿರುವ ತನಕ ದಿನವೂ ಕೈ ಚಾಚುವವರು ಇದ್ದೇ ಇರುತ್ತಾರೆ, ಕಾಗದ ಸಿಕ್ಕ ದಿನ ಆ ಕೈಗೆ ಬೆಲೆ ಇರುವುದಿಲ್ಲ.

ಯಶವಂತಪುರದಲ್ಲೇ ಒಂದು ಕಟ್ಟಡವಿದೆ. ಜೆ-ನರ್ಮ್ ಹಣದಲ್ಲಿ ಬಿಎಂಟಿಸಿ ಬೆಂಗಳೂರಿನ ಹತ್ತು ಕಡೆ ಕಟ್ಟಿದ ‘ಟಿಟಿಎಂಸಿ’ ಎಂಬ ಸಂಚಾರ ಕೇಂದ್ರಗಳಲ್ಲಿ ಅದೂ ಒಂದು. ಶಾಂತಿನಗರ, ಜಯನಗರ, ಬನಶಂಕರಿ, ಕೆಂಗೇರಿ, ವಿಜಯನಗರಗಳಲ್ಲೂ ಅಂಥವಿವೆ. ಕೆಳಗೆ ಬಸ್ಸು, ಮೇಲೆ ವಾಹನ ನಿಲುಗಡೆ, ಅದರ ಮೇಲೆ ಬಾಡಿಗೆಗೆ ಕೊಡುವ ಜಾಗ. ಕಾರು ಇಲ್ಲಿ ಬಿಟ್ಟು ಬಸ್ಸು ಹತ್ತಲಿ, ಬಾಡಿಗೆಯಿಂದ ಸಂಸ್ಥೆಗೆ ವರಮಾನ ಬರಲಿ ಎಂಬುದು ಉದ್ದೇಶ. ಸಂಸ್ಥೆಗೆ ವರಮಾನ ಬೇಕು, ನಿಜ. ಆದರೆ ದಿನವೂ ಸಾವಿರಾರು ಜನ ಹಾದುಹೋಗುವ ನಿಲ್ದಾಣದ ಸುತ್ತ ಸಂಜೆಯ ಸೊಪ್ಪು, ಹೂವು, ಬಾಳೆಹಣ್ಣು ಮಾರುವವರು ಬಂದೇ ಬರುತ್ತಾರೆ. ಇದು ಊಹಿಸಲಾಗದ ಸಂಗತಿಯೇನಲ್ಲ. ಅವರಿಗೆ ನೆಲಮಹಡಿಯಲ್ಲಿ ಒಂದು ಸಾಲು ಕಟ್ಟೆ, ಒಂದು ನಲ್ಲಿ, ಒಂದು ದೀಪ, ಹೆಂಗಸರಿಗೆ ಒಂದು ಶೌಚಾಲಯ ಕಟ್ಟಿದ್ದರೆ ಕಟ್ಟಡದ ವೆಚ್ಚದಲ್ಲಿ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಪಾಲು ಆಗುತ್ತಿತ್ತು. ಕಾರಿಗೆ ಮಹಡಿ ಮೇಲೆ ಮಹಡಿ ಸಿಕ್ಕಿತು, ಸೊಪ್ಪಿನ ಬುಟ್ಟಿ ಗೋಡೆಯ ಹೊರಗೇ ಉಳಿಯಿತು. 2014ರ ಮಾರ್ಚ್ 1ರಂದು ಪೀಣ್ಯದಿಂದ ಸಂಪಿಗೆ ರಸ್ತೆಗೆ ಮೆಟ್ರೋ ಓಡತೊಡಗಿ ಇಲ್ಲಿನ ಜನಸಂದಣಿ ಇನ್ನೂ ಹೆಚ್ಚಿತು. 2022ರ ಜೂನ್‌ನಲ್ಲಿ ಯಶವಂತಪುರ ರೈಲು ನಿಲ್ದಾಣದ ಪುನರಭಿವೃದ್ಧಿಗೆ ಸುಮಾರು 375 ಕೋಟಿ ರೂಪಾಯಿಯ ಕಾಮಗಾರಿಗೆ ಶಂಕುಸ್ಥಾಪನೆ ಆಯಿತು. ಮೂರು ಸಂಸ್ಥೆ, ಮೂರು ನಕಾಶೆ. ಮೂರರ ನಡುವಿನ ರಸ್ತೆಯಲ್ಲಿ ಕೂತವರು ಯಾರ ನಕಾಶೆಯಲ್ಲೂ ಇಲ್ಲ.

ಮನೆಯ ವಿಷಯದಲ್ಲಿ ಇದೇ ಕತೆ ಇನ್ನಷ್ಟು ಕಠೋರವಾಗಿ ನಡೆಯುತ್ತದೆ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಹೆಬ್ಬಾಳದಿಂದ ಯಲಹಂಕದವರೆಗಿನ ನೆಲದ ಬೆಲೆ ಎಲ್ಲಿಗೆ ಹೋಯಿತೆಂದು ಎಲ್ಲರಿಗೂ ಗೊತ್ತು. ಸರ್ಕಾರ ಬಡವರಿಗೆ ಮನೆ ಕಟ್ಟಲು ಜಾಗ ಹುಡುಕಿದಾಗ ಅದಕ್ಕೆ ಸಿಗುವುದು ಬೆಲೆ ಏರದೆ ಉಳಿದ ಅಂಚಿನ ಗೋಮಾಳ. ಮುಖ್ಯಮಂತ್ರಿಗಳ ಒಂದು ಲಕ್ಷ ಬಹುಮಹಡಿ ಮನೆ ಯೋಜನೆ ಹೊರಟದ್ದೂ ನಗರ ಜಿಲ್ಲೆಯ ತಾಲ್ಲೂಕುಗಳ ಅಂಚಿನ ಕಡೆಗೇ. ಮನೆಗೆಲಸಕ್ಕೆ ಹೋಗುವವಳಿಗೆ ಬೆಳಿಗ್ಗೆ ಆರೂವರೆಗೆ ಒಂದು ಮನೆ, ಎಂಟಕ್ಕೆ ಇನ್ನೊಂದು, ನಡುವೆ ಮಗುವನ್ನು ಶಾಲೆಗೆ ಬಿಡುವ ಕೆಲಸ. ಇವೆಲ್ಲ ನಡಿಗೆಯ ದೂರದಲ್ಲಿದ್ದರೆ ಮಾತ್ರ ಆ ದುಡಿಮೆ ಸಾಧ್ಯ. ಎರಡು ಬಸ್ ಬದಲಿಸಿ ಬರಬೇಕಾದ ಮನೆಯನ್ನು ಆಕೆಗೆ ಪುಕ್ಕಟೆ ಕೊಟ್ಟರೂ ಅದು ದುಬಾರಿಯೇ. ಹಾಗೆ ಸಿಕ್ಕ ಮನೆಗೆ ಬೀಗ ಹಾಕಿಯೋ ಬಾಡಿಗೆಗೆ ಕೊಟ್ಟೋ ಹಳೆಯ ಶೀಟ್ ಮನೆಗೇ ಮರಳಿದವರನ್ನು ‘ಸೌಲಭ್ಯ ದುರುಪಯೋಗ’ ಎಂದು ಬೈಯುವುದು ಸುಲಭ. ಅವರ ಲೆಕ್ಕಾಚಾರ ನಮ್ಮ ಯೋಜನೆಯ ಲೆಕ್ಕಾಚಾರಕ್ಕಿಂತ ಸರಿಯಾಗಿರುತ್ತದೆ.

2025ರ ಡಿಸೆಂಬರ್‌ನ ಚಳಿಯ ಒಂದು ಮುಂಜಾನೆ ಯಲಹಂಕದ ಕೋಗಿಲು ಬಳಿ ಫಕೀರ್ ಕಾಲೊನಿ ಮತ್ತು ವಸೀಂ ಲೇಔಟ್‌ನ ಮನೆಗಳನ್ನು ಜೆಸಿಬಿ ತಂದು ಕೆಡವಲಾಯಿತು. ಘನತ್ಯಾಜ್ಯ ನಿರ್ವಹಣೆಗೆ ಮೀಸಲಾದ ಸರ್ಕಾರಿ ಜಾಗವೆಂಬುದು ಕಾರಣ. ದೇಶದಾದ್ಯಂತ ಸುದ್ದಿಯಾಯಿತು, ಅಲ್ಲಿದ್ದವರು ಯಾರು, ಎಲ್ಲಿಂದ ಬಂದವರು ಎಂಬ ವಾದವಿವಾದ ಜೋರಾಯಿತು. ಆಮೇಲೆ, ಅರ್ಹರನ್ನು ಗುರುತಿಸಿ ಬೈಯಪ್ಪನಹಳ್ಳಿಯ ಬಹುಮಹಡಿ ಸಮುಚ್ಚಯದಲ್ಲಿ ಮನೆ ಕೊಡುವುದಾಗಿ ಸರ್ಕಾರ ಘೋಷಿಸಿತು. ಕೊಡಲಿ, ಅದು ಸರ್ಕಾರದ ಕರ್ತವ್ಯ. ಆದರೆ ಯಾರು ಅರ್ಹರು ಎಂಬ ಪರಿಶೀಲನೆ ಜೆಸಿಬಿ ಬರುವ ಮೊದಲೇ ನಡೆಯಬೇಕಿತ್ತು, ಬಂದುಹೋದ ಮೇಲಲ್ಲ. ಮನೆಯೊಡನೆ ಗುರುತಿನ ಚೀಟಿ, ಪಡಿತರ ಚೀಟಿ, ಮಕ್ಕಳ ಶಾಲೆ ಕಾಗದಗಳೆಲ್ಲ ಮಣ್ಣುಪಾಲಾದ ಮೇಲೆ ದಾಖಲೆ ತನ್ನಿ ಎಂದರೆ ಅವರು ತರುವುದಾದರೂ ಎಲ್ಲಿಂದ? 1985ರ ಓಲ್ಗಾ ಟೆಲ್ಲಿಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಎಂದಿತು. ಅದೇ ತೀರ್ಪು ಮುಂಬೈನ ಫುಟ್‌ಪಾತ್‌ವಾಸಿಗಳ ತೆರವನ್ನು ಪೂರ್ತಿ ತಡೆಯಲಿಲ್ಲ ಎಂಬುದೂ ನಿಜ. ಸರ್ಕಾರಿ ಜಾಗದಲ್ಲಿ ಯಾರು ಬೇಕಾದರೂ ಎಷ್ಟು ಬೇಕಾದರೂ ಮನೆ ಕಟ್ಟಲಿ ಎಂದು ನಾನು ಹೇಳುವುದಿಲ್ಲ. ಕಸಕ್ಕೆ ಜಾಗ ಕಾದಿರಿಸಬಲ್ಲ ನಗರ ಆ ಕಸ ಆಯುವವರಿಗೆ, ಗುಡಿಸುವವರಿಗೆ, ಗಾರೆ ಕೆಲಸದವರಿಗೆ ಯಾವ ಜಾಗ ಕಾದಿರಿಸಿದೆ ಎಂದು ಕೇಳುತ್ತೇನೆ.

ಇನ್ನು ಬಾಡಿಗೆದಾರರು. ಬಡವರಿಗೆ ಮನೆ ಎಂದ ಕೂಡಲೇ ನಮ್ಮ ಯೋಜನೆಗಳಿಗೆ ಸ್ವಂತ ಮನೆ, ಹಕ್ಕುಪತ್ರ, ಗೃಹಪ್ರವೇಶದ ಫೋಟೊ ಕಣ್ಣಿಗೆ ಬರುತ್ತದೆ. ಗಂಗಾನಗರ, ಮತ್ತಿಕೆರೆ, ಕಾವಲ್‌ಬೈರಸಂದ್ರದ ಸಾಲುಮನೆಗಳಲ್ಲಿ ಇರುವವರಿಗೆ ಮೊದಲ ಹೊರೆ ಅಡ್ವಾನ್ಸು. ಹತ್ತು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೊಡಲು ಸಾಲ ಮಾಡುತ್ತಾರೆ, ಬಿಡುವಾಗ ಸುಣ್ಣಬಣ್ಣಕ್ಕೆಂದು ಅದರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತಾರೆ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದು ಇಲ್ಲಿನ ಅಪಾರ್ಟ್‌ಮೆಂಟು, ಮೆಟ್ರೋ ಕಂಬಗಳನ್ನು ಎಬ್ಬಿಸುವವರು ಖಾಲಿ ಸೈಟುಗಳಲ್ಲಿ ನೀಲಿ ಶೀಟಿನ ಗುಡಿಸಲು ಹಾಕಿಕೊಂಡು ಅದಕ್ಕೂ ಜಾಗದ ಬಾಡಿಗೆ ಕೊಡುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಎರಡನೇ ಹಂತದಲ್ಲಿ ಬಾಡಿಗೆ ಮನೆಗಳಿಗೆಂದೇ ಒಂದು ವಿಭಾಗ ಇದೆ. ಆ ಯೋಜನೆಯಲ್ಲಿ ನನಗೆ ಅತ್ಯಂತ ಆಶಾದಾಯಕವಾಗಿ ಕಂಡದ್ದು ಅದೇ. ಅದನ್ನು ಹೆಬ್ಬಾಳ, ಜಕ್ಕೂರು, ಯಲಹಂಕದಲ್ಲಿ ಕಟ್ಟುತ್ತಾರೋ ಅಥವಾ ಬಸ್ಸು ಬಾರದ ಊರಿನಲ್ಲೋ ಎಂಬುದರ ಮೇಲೆ ಅದರ ಭವಿಷ್ಯ ನಿಂತಿದೆ.

ಜಾಗದ ಪ್ರಶ್ನೆಯನ್ನು ಯಾರೂ ಎತ್ತದಿರುವುದಕ್ಕೆ ಕಾರಣ ಇದೆ. ಸಾಲ ಕೊಡುವುದಕ್ಕೆ ಯಾರ ವಿರೋಧವೂ ಇಲ್ಲ. ಜಾಗ ಕೊಡಬೇಕೆಂದರೆ ಪಾರ್ಕಿಂಗ್ ಕೇಳುವವರನ್ನು, ಬಾಡಿಗೆ ವರಮಾನ ಎಣಿಸುವ ಇಲಾಖೆಯನ್ನು, ಅಂಗಡಿ ಮಾಲೀಕರನ್ನು ಎದುರು ಕೂರಿಸಿ ಮಾತಾಡಬೇಕು. ಹಾಗೆ ಮಾತಾಡಿ ತೀರ್ಮಾನಕ್ಕೆ ತರುವುದು ಕಾರ್ಪೊರೇಟರ್‌ನ ಕೆಲಸ. ಬಿಬಿಎಂಪಿ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ಐದು ವರ್ಷಕ್ಕೂ ಮಿಕ್ಕಿ ಈ ನಗರ ಕಾರ್ಪೊರೇಟರ್‌ಗಳೇ ಇಲ್ಲದೆ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದಾಗ ನಮ್ಮ ಭಾಗಕ್ಕೆ ಉತ್ತರ ನಗರ ಪಾಲಿಕೆ ಬಂತು. ನಗರದ ಮಹಾನಕ್ಷೆಯದ್ದೂ (ಮಾಸ್ಟರ್ ಪ್ಲಾನ್) ಅದೇ ಗತಿ. 2007ರಲ್ಲಿ ಒಪ್ಪಿಗೆ ಪಡೆದದ್ದು 2015ರವರೆಗಿನದು. 2031ರ ಕರಡನ್ನು ಜನರ ಮುಂದಿಟ್ಟು ಆಮೇಲೆ ಹಿಂದಕ್ಕೆ ಪಡೆದರು. ಹೊಸ ನಕ್ಷೆಯೇ ಇಲ್ಲದ ಕಡೆ ವ್ಯಾಪಾರ ವಲಯ ಎಲ್ಲಿ ಬರೆಯುವುದು?

ಆಗುವುದಿಲ್ಲ ಎನ್ನುವವರಿಗೆ ದಕ್ಷಿಣ ಆಫ್ರಿಕಾದ ಡರ್ಬನ್ ನಗರವನ್ನು ತೋರಿಸಬಹುದು. ಅಲ್ಲಿನ ವಾರ್ವಿಕ್ ಜಂಕ್ಷನ್ ಬಸ್ಸು, ರೈಲು, ಟ್ಯಾಕ್ಸಿಗಳೆಲ್ಲ ಕೂಡುವ, ದಿನಕ್ಕೆ ಲಕ್ಷಾಂತರ ಜನ ಹಾಯುವ ಜಾಗ. ತೊಂಬತ್ತರ ದಶಕದಲ್ಲಿ ಅಲ್ಲಿನ ಪಾಲಿಕೆ ವ್ಯಾಪಾರಿಗಳ ಜೊತೆ ಕೂತು ನಕ್ಷೆ ಬರೆಯಿತು. ಅರ್ಧಕ್ಕೇ ನಿಂತು ಪಾಳುಬಿದ್ದಿದ್ದ ಹೆದ್ದಾರಿ ಮೇಲ್ಸೇತುವೆಯ ತುಂಡೊಂದರ ಮೇಲೆ ಗಿಡಮೂಲಿಕೆ ಮಾರುವವರಿಗೆ ಮಾರುಕಟ್ಟೆಯನ್ನೇ ಕಟ್ಟಿಕೊಟ್ಟಿತು. 2010ರ ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ ಅದೇ ಪಾಲಿಕೆ ಅಲ್ಲಿನ ಮುಂಜಾನೆ ಮಾರುಕಟ್ಟೆ ಕೆಡವಿ ಮಾಲ್ ಕಟ್ಟಲು ಹೊರಟಿತ್ತು. ವ್ಯಾಪಾರಿಗಳು ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಿ ಉಳಿಸಿಕೊಂಡರು. ಒಳ್ಳೆಯ ಪಾಲಿಕೆಯೂ ಮನಸ್ಸು ಬದಲಿಸುತ್ತದೆ, ಆಗ ಜನರ ಕೈಯಲ್ಲಿ ಜಾಗದ ಹಕ್ಕು ಇರಬೇಕು. ದೂರ ಹೋಗುವುದು ಬೇಡವೆಂದರೆ ಜಕ್ಕೂರು ಕೆರೆಗೆ ಹೋಗಿ. ಜಲಮಂಡಳಿಯ ಶುದ್ಧೀಕರಣ ಘಟಕದಿಂದ ಹೊರಬರುವ ನೀರು ಜೌಗು ಹುಲ್ಲಿನ ನಡುವೆ ಹಾದು ಕೆರೆ ಸೇರುತ್ತದೆ. ಅದೇ ಕೆರೆಯಲ್ಲಿ ಮೀನು ಹಿಡಿಯುವವರಿದ್ದಾರೆ, ದಡದಲ್ಲಿ ಮೇವು ಕೊಯ್ಯುವವರಿದ್ದಾರೆ, ವಾಕಿಂಗ್ ಬರುವವರೂ ಇದ್ದಾರೆ. ಬೇಲಿ ಹಾಕಿ ಬರೀ ನಡೆದಾಡುವವರ ಕೆರೆ ಮಾಡಿದ್ದರೆ ಮೀನುಗಾರರು ಅತಿಕ್ರಮಣಕಾರರಾಗುತ್ತಿದ್ದರು.

ಹೆಬ್ಬಾಳದಿಂದ ಯಲಹಂಕದ ಕಡೆಗೆ ಮೆಟ್ರೋ ನೀಲಿ ಮಾರ್ಗದ ಕಂಬಗಳು ಎದ್ದಿವೆ. ಬೆನ್ನಿಗಾನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಹೋಗುವ ಉಪನಗರ ರೈಲಿನ ‘ಮಲ್ಲಿಗೆ’ ಮಾರ್ಗ ಹೆಬ್ಬಾಳ, ಲೊಟ್ಟೆಗೊಲ್ಲಹಳ್ಳಿ, ಯಶವಂತಪುರ ಹಾದು ಹೋಗಲಿದೆ. ಹೆಬ್ಬಾಳ ಮೇಲ್ಸೇತುವೆಗೆ 2025ರ ಆಗಸ್ಟ್‌ನಲ್ಲಿ ಹೊಸ ಲೂಪ್ ಸೇರಿತು, ಅಲ್ಲಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಯ ಮಾತೂ ನಡೆದಿದೆ. ಇಷ್ಟೂ ಕಡೆ ಜನ ಇಳಿಯುತ್ತಾರೆ, ಇಳಿದ ಕಡೆಯೆಲ್ಲ ಎಳನೀರು, ಹೂವು, ಸೊಪ್ಪು, ಇಡ್ಲಿ ಬರುತ್ತವೆ. ಒಂದೊಂದು ನಿಲ್ದಾಣದ ಸುತ್ತ ಎಷ್ಟು ವ್ಯಾಪಾರಿಗಳು, ಯಾವ ಹೊತ್ತಿಗೆ, ಯಾವ ಬದಿಗೆ ಎಂಬುದನ್ನು ಪಟ್ಟಣ ವ್ಯಾಪಾರ ಸಮಿತಿ ಈಗಲೇ, ಸಂಜೆ ಮತ್ತು ನಸುಕಿನಲ್ಲಿ ನಡೆಸಿದ ಸಮೀಕ್ಷೆಯ ಆಧಾರದ ಮೇಲೆ, ಗುರುತಿಸಬೇಕು. ಆ ಸಮಿತಿ ಒಪ್ಪಿ ಸಹಿ ಹಾಕದ ಹೊರತು ನಿಲ್ದಾಣದ ಹೊರಾವರಣದ ನಕಾಶೆಗೆ ಟೆಂಡರ್ ಕರೆಯಬಾರದು. ಸ್ವನಿಧಿ ಸಾಲ ಪಡೆದವರ ಗುರುತಿನ ಚೀಟಿಯಲ್ಲಿ ವ್ಯಾಪಾರದ ಸ್ಥಳವನ್ನೂ ನಮೂದಿಸಬೇಕು, ಆ ಸ್ಥಳದಿಂದ ಎಬ್ಬಿಸಿದರೆ ಬೇರೆ ಜಾಗ ಸಿಗುವವರೆಗಿನ ಕಂತನ್ನು ಎಬ್ಬಿಸಿದ ಸಂಸ್ಥೆಯೇ ಕಟ್ಟಬೇಕು. ನಿಲ್ದಾಣದಿಂದ ಅರ್ಧ ಕಿ.ಮೀ. ಒಳಗೆ ಸರ್ಕಾರದ ಯಾವ ಸಂಸ್ಥೆ ಜಾಗ ಮಾರಿದರೂ ಗುತ್ತಿಗೆಗೆ ಕೊಟ್ಟರೂ ಅದರಲ್ಲಿ ಒಂದು ಪಾಲು ದುಡಿಯುವವರ ಬಾಡಿಗೆ ಮನೆಗೆ ಎಂದು ಬರೆದಿಡಬೇಕು. ಕಂಬಗಳು ಎದ್ದಿವೆ, ನಿಲ್ದಾಣಗಳ ಬಾಗಿಲು ಇನ್ನೂ ತೆರೆದಿಲ್ಲ. ಈ ಕೆಲಸಗಳಿಗೆ ನಮಗಿರುವ ಸಮಯ ಅಷ್ಟೇ.